ಎಲೆಯ ಮೇಲಿನ ಊರು

ಕೊಡಗಿನ ತಿತಿಮತಿ ದಾಟಿ ಆನೆಚೌಕೂರಿನತ್ತ ಹೊರಟರೆ ರಸ್ತೆಯ ಎರಡೂ ಬದಿ ಕಾಡು. ಇಬ್ಬನಿ ಹೊತ್ತ ಒಂದೆಲೆಯನ್ನು ನೋಡಿ. ಬರಿದಾಗಿ ಕಾಣುತ್ತದೆ. ಬರಿದಲ್ಲ.

ಸಂಶೋಧನೆಗೆ ಹೊರಟ ವಿದ್ಯಾರ್ಥಿನಿ ಆ ಎಲೆಯನ್ನು ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರ್ ಲೋಳೆ ತುಂಬಿದ ತಟ್ಟೆಗೆ ಮೆಲ್ಲನೆ ಒತ್ತುತ್ತಾಳೆ. ಆಮೇಲೆ ಕಾಯಬೇಕು. ಆ ಕಾಯುವಿಕೆಯೇ ನನಗೆ ದೊಡ್ಡದೆನಿಸುತ್ತದೆ. ಕೆಲವು ದಿನಗಳಲ್ಲಿ ಎಲೆಯ ಅಚ್ಚಿನಂತೆ ಚುಕ್ಕೆಗಳು ಮೂಡುತ್ತವೆ. ಹಳದಿ, ಬಿಳಿ, ಗುಲಾಬಿ. ಒಂದೊಂದು ಚುಕ್ಕೆಯೂ ಲಕ್ಷಾಂತರ ಜೀವಿಗಳ ಕೇರಿ. ಗುಲಾಬಿಯವುಗಳಲ್ಲಿ ಹಲವು, ಎಲೆ ಹೊರಬಿಡುವ ಮೆಥನಾಲ್ ಎಂಬ ಆಲ್ಕೋಹಾಲನ್ನೇ ಉಣ್ಣುತ್ತವೆ.

1956ರಲ್ಲಿ ಡಚ್ ವಿಜ್ಞಾನಿ ಯಾಕೋಬಾ ರುಯ್ನೆನ್, ಇಂಡೋನೇಷ್ಯಾದ ಎಲೆಗಳ ಮೇಲೆ ಗಾಳಿಯ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾಗಳಿವೆ ಎಂದು ಬರೆದರು. ಆ ಸಾರಜನಕದ ಗೊಬ್ಬರವನ್ನು ನಾವು ಬೇರಿನಲ್ಲಷ್ಟೇ ಹುಡುಕುತ್ತಿದ್ದೆವು!

ಇಂದು ತೋಟಕ್ಕೆ ಹೋದಾಗ ಕಾಫಿಯ ಒಂದೆಲೆಯ ಮುಂದೆ, ಅದನ್ನು ಕೀಳದೆ, ಸ್ವಲ್ಪ ಹೊತ್ತು ನಿಲ್ಲಿ.