ವಯಸ್ಸು ಕೇಳದ ಮಣೆ



ಆನ್‌ಲೈನ್ ಆಟ ಎಂದೊಡನೆ ಓದು ಬಿಟ್ಟ ಮಕ್ಕಳು, ಜೂಜಿನಲ್ಲಿ ಕರಗಿದ ಸಂಬಳ ನೆನಪಾಗುತ್ತವೆ. ಆ ಆತಂಕ ಸುಳ್ಳಲ್ಲ. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಹಣದ ಗೊಡವೆಯಿಲ್ಲದ ಆಟಗಳಿಗೆ ಅದೇ ಕಾನೂನು ಪ್ರೋತ್ಸಾಹವನ್ನೂ ಕೊಡುತ್ತದೆ. ಆ ಇನ್ನೊಂದು ಮುಖವನ್ನು ಇಂದು ನೋಡೋಣ.

2020, ಕೊರೊನಾ ಕಾಲ. ಚದುರಂಗದ ಒಲಿಂಪಿಯಾಡ್ ಮೊದಲ ಬಾರಿಗೆ ಆನ್‌ಲೈನ್‌ನಲ್ಲಿ ನಡೆಯಿತು. ಪ್ರತಿ ಪಂದ್ಯಕ್ಕೆ ತಂಡದಿಂದ ಆರು ಮಂದಿ. ಅವರಲ್ಲಿ ಮಹಿಳೆಯರೂ ಇರಬೇಕು, 20 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯೂ ಇರಬೇಕು. ಹೀಗಾಗಿ 50ರ ವಿಶ್ವನಾಥನ್ ಆನಂದ್, ಪುಟ್ಟ ಮಗಳ ತಾಯಿ ಕೋನೇರು ಹಂಪಿ, 15ರ ಪ್ರಜ್ಞಾನಂದ, ಎಲ್ಲರೂ ಒಂದೇ ತಂಡದವರಾದರು. ಭಾರತ, ರಷ್ಯಾ ಜಂಟಿಯಾಗಿ ಚಿನ್ನ ಗೆದ್ದವು.

ಇದು ದಿಗ್ಗಜರ ಮಾತಾಯಿತು. ನಮ್ಮ ನಿಮ್ಮ ಮನೆಗೂ ಈ ಭಾಗ್ಯ ಉಂಟು. ಜೊತೆಗಾರರಿಲ್ಲದ ನಿವೃತ್ತ ಮೇಷ್ಟ್ರಿಗೆ ಸರಿಸಮನಾದ ಎದುರಾಳಿ ಕ್ಷಣದಲ್ಲಿ ಸಿಗುತ್ತಾರೆ. ತರಬೇತುದಾರರಿಲ್ಲದ ಹಳ್ಳಿಯ ಹುಡುಗಿಗೆ, ಎಲ್ಲಿ ಎಡವಿದೆ ಎಂದು ಆಟ ಮುಗಿದ ಮೇಲೆ ಕಂಪ್ಯೂಟರೇ ತೋರಿಸುತ್ತದೆ. ಲಿಚೆಸ್ ಎಂಬ ಚದುರಂಗದ ತಾಣದಲ್ಲಿ ಇದಕ್ಕೆ ಕಾಸಿಲ್ಲ. ಕಣ್ಣು ಕಾಣದವರಿಗೂ ಆಡುವ ಅನುಕೂಲವಿದೆ. ಹಾಸನದ ಅಜ್ಜ, ಅಮೆರಿಕದ ಮೊಮ್ಮಗಳು ದಿನಕ್ಕೊಂದು ನಡೆಯಂತೆ ತಿಂಗಳುಗಟ್ಟಲೆ ಒಂದೇ ಆಟ ಆಡಬಹುದು. ಸೋಲನ್ನು ತಾಳಿಕೊಳ್ಳುವುದನ್ನು ಇಬ್ಬರೂ ಕಲಿಯುತ್ತಾರೆ.

ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳುವ ಮೊದಲು ಏನು ಆಡುತ್ತಿದ್ದೀ ಎಂದು ಕೇಳಿ. ಒಳ್ಳೆಯದಾದರೆ ಪಕ್ಕದಲ್ಲಿ ಕೂತು ನೀವೂ ಆಡಿ. ಹೊತ್ತಿಗೆ ಮಿತಿ ಇರಲಿ, ಹಣ ದೂರವಿರಲಿ.