ಅಪ್‌ಲೋಡ್ ಬಟನ್ ಪುಕ್ಕಟೆ ಅಲ್ಲ

ಇವತ್ತಿನ ವಿಷಯ ಅಡಲ್ಟ್ ಸೈಟ್‌ಗಳು ಅಂದ ಕೂಡಲೇ ಕೆಲವರು ಹೆಡ್‌ಫೋನ್ ಹುಡುಕ್ತಿರ್ತೀರಿ. ಬೇಕಾಗಿಲ್ಲ. ನಾನು ಹೇಳೋದು ದುಡ್ಡಿನ ಲೆಕ್ಕ, ಜೊತೆಗೆ ಸ್ವಲ್ಪ ಸಿಸ್ಟಂ ಡಿಸೈನ್.

ಕೆಲವು ವರ್ಷದ ಹಿಂದೆ ಪುಣೆಯಲ್ಲಿ ಒಂದು ಪ್ರಾಜೆಕ್ಟ್‌ಗೆ ಹಾಕಿದ್ರು. ವಿದೇಶಿ ಕ್ಲೈಂಟ್, ಇಂಥ ಸೈಟ್‌ಗಳಿಗೆ ಅಪ್‌ಲೋಡ್ ಮತ್ತು ಪೇಮೆಂಟ್ ಸಾಫ್ಟ್‌ವೇರ್ ಮಾಡೋರು. ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ 'ಬ್ಯಾಂಕಿಂಗ್ ಪ್ರಾಜೆಕ್ಟಮ್ಮಾ' ಅಂದಿದ್ದೆ. ಪೂರ್ತಿ ಸುಳ್ಳೇನಲ್ಲ. ಈ ವ್ಯಾಪಾರದ ಜುಟ್ಟು ಇರೋದೇ ಬ್ಯಾಂಕಿನ ಕೈಯಲ್ಲಿ. ಕಾರ್ಡ್ ಬಿಲ್ ಮನೆಯವರ ಕಣ್ಣಿಗೆ ಬಿದ್ದ ತಕ್ಷಣ ಗಿರಾಕಿ ಬ್ಯಾಂಕಿಗೆ ಫೋನ್ ಮಾಡಿ 'ಇದು ನಾನು ಮಾಡಿದ್ದಲ್ಲ' ಅಂತಾನೆ. ಹಾಗಾಗಿ ಇವರು ಯಾವಾಗಲೂ 'ಹೈ ರಿಸ್ಕ್' ಪಟ್ಟಿಯಲ್ಲೇ.

2007ರಲ್ಲಿ ಶುರುವಾದ ಪೋರ್ನ್‌ಹಬ್‌ನಂಥ ಸೈಟ್‌ಗಳ ಮಾದರಿ ಸರಳ. 2020ರ ಡಿಸೆಂಬರ್‌ವರೆಗೂ ಯಾರು ಬೇಕಾದ್ರೂ ಅಪ್‌ಲೋಡ್ ಮಾಡಬಹುದಿತ್ತು, ನೋಡೋರಿಗೆ ಪುಕ್ಕಟೆ, ಆದಾಯ ಜಾಹೀರಾತಿನಿಂದ. ಸ್ಟುಡಿಯೋಗಳು ದುಡ್ಡು ಹಾಕಿ ತೆಗೆದ ವಿಡಿಯೋಗಳ ಕಳ್ಳ ಪ್ರತಿಗಳು ಅಲ್ಲೇ ಬಂದು ಬಿದ್ದವು, ಸ್ಟುಡಿಯೋಗಳ ಸೊಂಟ ಮುರೀತು. ಅಮೆರಿಕದಲ್ಲಿ 1988ರಿಂದ ಒಂದು ಕಾನೂನಿದೆ: ಪ್ರತಿಯೊಬ್ಬ ನಟ-ನಟಿಯ ವಯಸ್ಸಿನ ದಾಖಲೆಯನ್ನು ನಿರ್ಮಾಪಕರು ಇಟ್ಟಿರಬೇಕು. ಸ್ಟುಡಿಯೋಗಳ ಹತ್ರ ಆ ಫೈಲ್ ಇರುತ್ತಿತ್ತು. ಅನಾಮಧೇಯ ಅಪ್‌ಲೋಡರ್ ಹತ್ರ ಏನಿರುತ್ತೆ? ಒಂದು ಇಮೇಲ್ ಐಡಿ.

2020ರ ಡಿಸೆಂಬರ್. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ನಿಕೊಲಸ್ ಕ್ರಿಸ್ಟಾಫ್ ಬರೆದ ಲೇಖನ ಬಂತು: ಅಪ್ರಾಪ್ತರ ವಿಡಿಯೋ, ಒಪ್ಪಿಗೆ ಇಲ್ಲದ ವಿಡಿಯೋ ಅಲ್ಲಿವೆ ಅಂತ. ಒಂದೇ ವಾರದಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಆ ಸೈಟಿನಲ್ಲಿ ಪಾವತಿ ನಿಲ್ಲಿಸಿದವು. ಆಮೇಲೆ ಪೋರ್ನ್‌ಹಬ್ ತಾನೇ ಸುಮಾರು ಒಂದು ಕೋಟಿ ವಿಡಿಯೋ ತೆಗೆದುಹಾಕ್ತು, ಅಂದ್ರೆ ಇದ್ದದ್ದರಲ್ಲಿ ಬಹುಪಾಲು. ಹದಿಮೂರು ವರ್ಷ ಆಸ್ತಿ ಅಂತ ಗುಡ್ಡೆ ಹಾಕಿದ್ದು ನೋಡಿದ್ರೆ ಸಾಲ. ಕಾಸು ಕೊಡದೆ ತಂದ ಸರಕಿಗೆ ಬಡ್ಡಿ ಸೇರಿಸಿ ಕಟ್ಟಿದ ಹಾಗೆ.

ಇಲ್ಲಿ ಒಂದು ಮಾತು. 'ಗುಣಮಟ್ಟದ ನಿರ್ಮಾಪಕರ ಮೇಲೆ ದುಡ್ಡು ಹಾಕಿ' ಅಂದ್ರೆ ಬಿಸಿನೆಸ್‌ನೋರಿಗೆ ಫೋರ್‌ಕೆ ಕ್ಯಾಮೆರಾ, ಒಳ್ಳೆ ಲೈಟಿಂಗ್ ಅಂತಲೇ ಅರ್ಥ. ಅದಲ್ಲ. ಸ್ಯಾನ್ ಡಿಯಾಗೋದ 'ಗರ್ಲ್ಸ್ ಡು ಪೋರ್ನ್' ಪ್ರಕರಣ ನೋಡಿ. ವೃತ್ತಿಪರ ನಿರ್ಮಾಪಕರೇ, ಪೋರ್ನ್‌ಹಬ್‌ನಲ್ಲಿ ಪಾಲುದಾರ ಚಾನೆಲ್ ಬೇರೆ. ಹುಡುಗಿಯರಿಗೆ ಹೇಳಿದ್ದು, ಇದು ಇಂಟರ್ನೆಟ್‌ಗೆ ಹೋಗಲ್ಲ, ದೂರದ ದೇಶದಲ್ಲಿ ಡಿವಿಡಿ ಅಷ್ಟೇ ಅಂತ. ಹಾಕಿದ್ದು ಇಂಟರ್ನೆಟ್‌ಗೇ. ಊರು, ಕಾಲೇಜು, ಮನೆ, ಎಲ್ಲ ಕಡೆ ಲಿಂಕ್ ಹೋಯ್ತು. 22 ಮಹಿಳೆಯರು ಕೇಸ್ ಹಾಕಿ 2020ರ ಜನವರಿಯಲ್ಲಿ ಗೆದ್ದರು, ಪರಿಹಾರ ಸುಮಾರು 1.27 ಕೋಟಿ ಡಾಲರ್. ಆ ವಿಡಿಯೋಗಳಿಂದ ದುಡ್ಡು ಮಾಡಿದ್ದಕ್ಕೆ ಪೋರ್ನ್‌ಹಬ್‌ನ ಮಾತೃಸಂಸ್ಥೆ ಐಲೋ ಕೂಡ 2023ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರಕ್ಕೆ 18 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟೋಕೆ ಒಪ್ಪಿಕೊಳ್ತು. ಚಿತ್ರ ಚೆನ್ನಾಗೇ ಇತ್ತು ಗುರೂ, ಒಪ್ಪಿಗೆ ಕೆಟ್ಟಿತ್ತು.

ಓನ್ಲಿಫ್ಯಾನ್ಸ್ ಇನ್ನೊಂದು ದಾರಿ ಹಿಡೀತು. ಗುರುತಿನ ದಾಖಲೆ ಕೊಟ್ಟವರಿಗೆ ಮಾತ್ರ ಖಾತೆ, ಬಂದದ್ದರಲ್ಲಿ 80 ಪಾಲು ಅವರಿಗೆ, 20 ಕಂಪನಿಗೆ. 2023ರ ಲೆಕ್ಕದಲ್ಲಿ ಗಿರಾಕಿಗಳು ಕೊಟ್ಟದ್ದು ಸುಮಾರು 660 ಕೋಟಿ ಡಾಲರ್. ಪುಕ್ಕಟೆ ಸಿಗೋ ಕಾಲದಲ್ಲೂ ಜನ ದುಡ್ಡು ಕೊಡ್ತಾರೆ ಅಂತಾಯ್ತಲ್ಲ. ಆದ್ರೆ ಇದನ್ನೂ ನಾನು ಪೂರ್ತಿ ಹೂಡಿಕೆ ಅನ್ನಲ್ಲ. ಕ್ಯಾಮೆರಾ, ಪ್ರಚಾರ, ಕಳ್ಳ ಪ್ರತಿ ಹಿಂದೆ ಓಡೋದು, ಎಲ್ಲ ಅವರ ತಲೆ ಮೇಲೇ. ಕ್ಯಾಬ್ ಆ್ಯಪ್ ಡ್ರೈವರ್‌ಗಳ ಕಥೆ. 2021ರ ಆಗಸ್ಟ್‌ನಲ್ಲಿ ಬ್ಯಾಂಕುಗಳ ಒತ್ತಡ ಅಂತ ಅಶ್ಲೀಲ ವಿಡಿಯೋಗಳನ್ನೇ ನಿಷೇಧಿಸ್ತೀವಿ ಅಂದ್ರು, ಒಂದು ವಾರದೊಳಗೆ ಹಿಂತೆಗೆದುಕೊಂಡ್ರು. ಆ ವಾರ ಬಾಡಿಗೆ ಕಟ್ಟಬೇಕಿದ್ದವರ ಗತಿ ಏನು? ಹೂಡಿಕೆ ಅಂದ್ರೆ ಮುಂಗಡ ಹಣ, ಆರೋಗ್ಯ ತಪಾಸಣೆಯ ಖರ್ಚು, ಕಳ್ಳ ಪ್ರತಿ ತೆಗೆಸೋ ತಂಡ, 'ನನ್ನ ಒಪ್ಪಿಗೆ ವಾಪಸ್' ಅಂದ್ರೆ ನಿಜವಾಗಿ ಕೆಲಸ ಮಾಡೋ ಬಟನ್.

ನಮ್ಮ ದೇಶದಲ್ಲಿ ಇದು ವ್ಯಾಪಾರವೇ ಅಲ್ಲ, ಐಟಿ ಕಾಯ್ದೆ 67ಎ ಪ್ರಕಾರ ಅಪರಾಧ. ಆದ್ರೆ ಕೋಡ್ ಬರೆಯೋ ಕೈಗಳಲ್ಲಿ ನಮ್ಮವೂ ಇವೆ.

ಆ ಪ್ರಾಜೆಕ್ಟ್‌ನಲ್ಲಿ ಅಪ್‌ಲೋಡ್ ಫಾರ್ಮಿಗೆ ಒಪ್ಪಿಗೆ ಪತ್ರದ ಕಾಲಂ ಇತ್ತು. ಕಡ್ಡಾಯ ಮಾಡಿದ್ರೆ ಸೈನ್-ಅಪ್ ಕಡಿಮೆ ಆಗುತ್ತೆ, ಆಪ್ಷನಲ್ ಮಾಡಿ ಅಂತ ಕ್ಲೈಂಟ್ ಕಡೆಯಿಂದ ಬಂತು. ಎರಡು ಸಾಲಿನ ಬದಲಾವಣೆ. ರಿವ್ಯೂ ಮಾಡಿ ಅಪ್ರೂವ್ ಕೊಟ್ಟವನು ನಾನೇ, ಶುಕ್ರವಾರ ಸಂಜೆ, ಊರಿನ ಬಸ್ ಹಿಡಿಯೋ ಅವಸರದಲ್ಲಿ. 2021ರ ಅಕ್ಟೋಬರ್‌ನಿಂದ ಮಾಸ್ಟರ್‌ಕಾರ್ಡ್ ನಿಯಮ ಬಂತು: ವಿಡಿಯೋದಲ್ಲಿರೋರ ವಯಸ್ಸು, ಗುರುತು, ಒಪ್ಪಿಗೆಗೆ ದಾಖಲೆ ಬೇಕೇ ಬೇಕು ಅಂತ. ಆಗ ಕಾಲಂ ಮತ್ತೆ ಕಡ್ಡಾಯ ಆಯ್ತು. ಹಳೇ ಸಾಲುಗಳಿಗೆ ಕ್ವೆರಿ ಓಡಿಸಿದೆ. ಒಪ್ಪಿಗೆ ಪತ್ರದ ಜಾಗದಲ್ಲಿ ಪುಟಗಟ್ಟಲೆ ನಲ್, ನಲ್, ನಲ್.