‘ಅಕ್ಕಿ’ ಅಂದ ಮಗುವಿಗೆ ಬೆತ್ತ ಯಾಕೆ?

(ಸಂಜೆ ಶಾಲೆ ನಡೆಸುವ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಾವು ಒಂದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಹಕ್ಕಿಯ ಚಿತ್ರ ತೋರಿಸಿ ಇದೇನು ಅಂದರು. ‘ಅಕ್ಕಿ’ ಅಂದೆವು. ‘ಅಕ್ಕಿ ಹಾರ್ತದೇನೋ?’ ಅಂತ ನಕ್ಕು ಬೆತ್ತ ಎತ್ತಿದರು. ಕ್ಲಾಸೆಲ್ಲ ನಕ್ಕಿತು. ನಮ್ಮವ್ವ ಅಂದದ್ದೂ ಅಕ್ಕಿಯೇ, ನಮ್ಮಪ್ಪ ಅಂದದ್ದೂ ಅಕ್ಕಿಯೇ. ಆವತ್ತಿನಿಂದ ನಾವು ಬಾಯಿ ಬಿಡಲಿಲ್ಲ. ಬಾಯಿ ಬಿಡದ ಮಗುವಿಗೆ ಅಕ್ಷರ ಎಲ್ಲಿಂದ ಹತ್ತಬೇಕು?

ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಹ’ ಬಿದ್ದುಹೋಗುತ್ತದೆ. ಹಾಲು ಆಲು, ಹೂವು ಊವು. ಇದು ಕೇರಿಯ ಮಾತಷ್ಟೇ ಅಲ್ಲ, ಊರೊಳಗಿನ ಒಕ್ಕಲಮಕ್ಕಳೂ ಹೀಗೇ ಆಡುತ್ತಾರೆ. ಹಳಗನ್ನಡದಲ್ಲಿ ಹಾಲು ‘ಪಾಲ್’, ಹಕ್ಕಿ ‘ಪಕ್ಕಿ’. ಪ ಹೋಗಿ ಹ ಬಂದರೆ ಭಾಷೆಯ ಬೆಳವಣಿಗೆ. ಹ ಬಿದ್ದರೆ ಮಾತ್ರ ನಮ್ಮ ದಡ್ಡತನವೇ?

ಹಂಗಂತ ‘ಹ’ ಬೇಡ ಅನ್ನೋದಲ್ಲ. ಪುಸ್ತಕ ಓದೋಕೆ, ಅರ್ಜಿ ಬರೆಯೋಕೆ ಅದು ಬೇಕೇ ಬೇಕು. ಹೊಡೆಯದೆ ಕಲಿಸಿ. ಅಂಗೈಯನ್ನು ಬಾಯಿ ಮುಂದೆ ಹಿಡಿಸಿ ‘ಅ’ ಅನ್ನಿಸಿ, ಆಮೇಲೆ ‘ಹ’ ಅನ್ನಿಸಿ. ‘ಹ’ ಅಂದಾಗ ಬಿಸಿಯುಸಿರು ಕೈಗೆ ತಾಕುತ್ತದೆ. ಮಗು ನಗುತ್ತೆ, ಕಲಿಯುತ್ತೆ. ಮನೆಯ ‘ಅಕ್ಕಿ’ಯನ್ನು ಕಿತ್ತುಕೊಳ್ಳಬೇಡಿ, ಪುಸ್ತಕದ ‘ಹಕ್ಕಿ’ಯನ್ನು ಅದರ ಪಕ್ಕ ಕೂರಿಸಿ.

ಇನ್ನೊಂದು ಮಾತು. 49 ಅಕ್ಷರಗಳನ್ನು ಸಾಲಾಗಿ ಕೂಗಿಸಿ ಗಂಟಲು ಕಟ್ಟಿಸಿದರೂ ಮಗುವಿಗೆ ಒಂದು ಪದ ಓದೋಕೆ ಬರೋದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಈ ಸಾಲನ್ನು ಮುರಿಯಿತು. ಅದರಲ್ಲಿ ರ, ಗ, ಸ, ದ, ಅ ಮೊದಲು. ಐದೇ ಅಕ್ಷರ ಕಲಿತ ಮಗು ಸರ, ಗರಗಸ, ಅಗಸ, ಅರಸ ಎಲ್ಲ ಓದುತ್ತದೆ. ನೋಡಿ, ಅರಸನಿಗೂ ಅಗಸನಿಗೂ ನಡುವೆ ಇರೋದು ಒಂದೇ ಅಕ್ಷರ. ಮಗು ತಾನೇ ಸ್ಲೇಟಿನ ಮೇಲೆ ಅಳಿಸಿ ಬರೆಯಲಿ.

ಬಾಬಾಸಾಹೇಬರು ಗೋಣಿತಾಟು ಹೊತ್ತುಕೊಂಡು ಹೋಗಿ, ಕ್ಲಾಸಿನಲ್ಲಿ ಬೇರೆ ಕೂತು ಕಲಿತರು. ನಾವು ಬೆಂಚಿನ ಮೇಲೇ ಕೂತಿದ್ದೆವು. ಆದರೆ ಆಡಿದ ಮೊದಲ ಮಾತಿಗೇ ನಕ್ಕಾಗ ನಮ್ಮನ್ನೂ ಮೂಲೆಗೆ ಕೂರಿಸಿದ ಹಾಗೇ ಆಯ್ತು. ನಮ್ಮ ಸಂಜೆ ಶಾಲೆಯಲ್ಲಿ ಬೆತ್ತ ಇಟ್ಟಿಲ್ಲ. ನೀವೂ ಇಡಬೇಡಿ. ಮೊದಲು ಮಗು ಮಾತಾಡಲಿ, ಅಕ್ಷರ ಅದರ ಹಿಂದೆಯೇ ಬರುತ್ತೆ.

ಜೈ ಭೀಮ್.